ಕಲ್ಲಾದ ಹಲ್ಲು ಹೇಳುವ ಮಳೆಯ ಕಥೆ

ಕಳೆದ ಶ್ರಾವಣದ ಒಂದು ಸೋಮವಾರ ಪೂಜೆ ಪ್ರಸಾದಗಳನ್ನು ಮುಗಿಸಿ ಪಡಸಾಲೆಯಲ್ಲಿ ಕುಳಿತಿದ್ದೆವು. ಘಟಪ್ರಭೆಯ ದಂಡೆಯ ಹಳ್ಳಿಯೊಂದರಿಂದ ಒಕ್ಕಲುತನದ ಮನೆಯ ಹಿರಿಯರೊಬ್ಬರು, ಕಾಲೇಜಿನಲ್ಲಿ ಓದುವ ಮೊಮ್ಮಗನನ್ನು ಜೊತೆಗೆ ಕರೆದುಕೊಂಡು, ಧಾರವಾಡದ ನಮ್ಮ ಮನೆಯನ್ನು ಕೇಳಿಕೊಂಡು ಬಂದರು. ಶರಣಾರ್ಥಿ, ಕುಶಲಪ್ರಶ್ನೆಗಳಾದ ಮೇಲೆ ವಲ್ಲಿಯ ಗಂಟು ಬಿಚ್ಚಿ, ಅಂಗೈಯಗಲದ ಕಂದುಬಣ್ಣದ ವಸ್ತುವೊಂದನ್ನು ನಮ್ಮ ಮುಂದೆ ಇಟ್ಟರು.

“ಗುರುಗಳ, ಇದು ಹಲ್ಲೋ ಕಲ್ಲೋ ನೀವ ಹೇಳ್ರಿ. ಮನ್ಯಾಗ ಎರಡು ಪಕ್ಷ ಆಗ್ಯಾವ. ಇಟ್ಕೋಬೇಕೋ, ಹೊಳಿಗೆ ಬಿಡಬೇಕೋ ತಿಳೀವಲ್ದು” ಎಂದರು.

ಹಿರಿಯ ಸೊಸೆಯ ಮಾತು, ಎಲುಬಿನ ಜಾತಿಯದು ಮನೆಯೊಳಗೆ ಇರಬಾರದು ಎಂದು. ಕಿರಿಯ ಮಗನ ಮಾತು, ಇದು ಹಿಂದಿನ ಕಾಲದ ರಾಕ್ಷಸನ ಹಲ್ಲು, ಇದ್ದರೆ ಒಳ್ಳೆಯದೇ ಆದೀತು ಎಂದು. ಮೊಮ್ಮಗ ಮಾತ್ರ ಗೋಡೆಗೆ ಒರಗಿ ನಿಂತು, ಇಬ್ಬರನ್ನೂ ಒಪ್ಪದವನಂತೆ ಸುಮ್ಮನೆ ನಗುತ್ತಿದ್ದ.

ಎತ್ತಿ ನೋಡಿದೆವು. ಕಲ್ಲಿನ ತೂಕ, ಕಲ್ಲಿನ ತಂಪು. ಆದರೆ ಮೇಲ್ಮೈಯಲ್ಲಿ ಬಾಗಿದ ಏಣುಗಳು. ಏಣಿನ ಅಂಚಿನಲ್ಲಿ ನುಣುಪಾದ ಹೊಳೆಯುವ ಪದರ. ತಿಂದು ತಿಂದು ಸವೆದ ಗುರುತು. ಅದು ಯಾವ ಪ್ರಾಣಿಯದೆಂದು ಹೇಳುವ ಯೋಗ್ಯತೆ ನಮಗಿಲ್ಲ. ನಾವು ಮಠದಲ್ಲಿ ವ್ಯಾಕರಣ, ತರ್ಕ ಓದಿದವರೇ ಹೊರತು ಭೂವಿಜ್ಞಾನ ಓದಿದವರಲ್ಲ. “ಇದು ಹಲ್ಲೂ ಹೌದು, ಕಲ್ಲೂ ಹೌದು. ಹೊಳೆಗೆ ಬಿಡಬೇಡಿರಿ” ಎಂದಷ್ಟೇ ಹೇಳಿದೆವು. ಹಾಗೆ ಹೇಳಲು ನಮಗೊಂದು ಹಳೆಯ ಕಾರಣವಿತ್ತು. ಅದನ್ನು ಮುಂದೆ ಹೇಳುತ್ತೇವೆ. ಮೊದಲು, ಕಲ್ಲಾದ ಹಲ್ಲು ನಮ್ಮ ನಾಡಿನ ಹಿಂದಿನ ಮಳೆ ಬೆಳೆಗಳ ಬಗೆಗೆ ಸಾಕ್ಷಿ ನುಡಿಯುವುದು ಹೇಗೆ ಎಂಬುದನ್ನು ನಮ್ಮ ಓದುಗ ಬಂಧುಗಳೊಡನೆ ವಿಚಾರಿಸಬೇಕೆಂಬ ಆಸೆಯಿಂದ ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಾಣಿ ಸತ್ತಾಗ ಮಾಂಸ, ಚರ್ಮಗಳು ಕೆಲವೇ ದಿನಗಳಲ್ಲಿ ಹೋಗುತ್ತವೆ. ಎಲುಬು ಬಿಸಿಲು ಮಳೆಗಳಿಗೆ ಸಿಕ್ಕು ಕೆಲವು ವರ್ಷಗಳಲ್ಲಿ ಹುಡಿಯಾಗುತ್ತದೆ. ಹಲ್ಲು ಮಾತ್ರ ಬಹುಕಾಲ ಬಾಳುತ್ತದೆ. ಹಲ್ಲಿನ ಮೇಲಿರುವ ಎನಾಮಲ್ ಎಂಬ ಬಿಳಿಯ ಕವಚವು ದೇಹದಲ್ಲಿಯೇ ಅತ್ಯಂತ ಗಟ್ಟಿಯಾದ ವಸ್ತು. ತೂಕದಲ್ಲಿ ನೂರಕ್ಕೆ ಸುಮಾರು ೯೬ ಪಾಲು ಅದು ಖನಿಜವೇ. ಹುಟ್ಟುವಾಗಲೇ ಅರ್ಧ ಕಲ್ಲಾಗಿ ಹುಟ್ಟಿದ್ದು ಮಣ್ಣಿನಲ್ಲಿ ಹೂತ ಮೇಲೆ ಪೂರ್ಣ ಕಲ್ಲಾಗುವುದು ಸಹಜವೇ ಆಗಿದೆ. ಆದುದರಿಂದ ಹಿಂದಿನ ಪ್ರಾಣಿಗಳ ಬಗೆಗೆ ವಿದ್ವಾಂಸರು ಬಲ್ಲುದರಲ್ಲಿ ಬಹುಪಾಲು ಹಲ್ಲಿನಿಂದಲೇ ಬಲ್ಲರು.

ಹಲ್ಲು ನೋಡಿ ಪ್ರಾಣಿಯ ಜಾತಕ ಹೇಳುವ ವಿದ್ಯೆ ನಮ್ಮ ರೈತರಿಗೆ ಹೊಸದಲ್ಲ. ದನದ ಜಾತ್ರೆಯಲ್ಲಿ ಹೋರಿಯ ಬಾಯಿ ತೆರೆಯದೆ ವ್ಯಾಪಾರವೇ ಆಗುವುದಿಲ್ಲ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಕೊನೆಗೆ ಎಂಟೂ ತುಂಬಿ ಬಾಯಿಗೂಡಿದ ಎತ್ತು ಎಂದು ವಯಸ್ಸನ್ನು ಎಣಿಸುವರು. ದಲ್ಲಾಳಿ ಎಷ್ಟೇ ಸುಳ್ಳು ಹೇಳಲಿ, ಎತ್ತಿನ ಹಲ್ಲು ಸುಳ್ಳು ಹೇಳದು. ವಿದ್ವಾಂಸರು ಮಾಡುವುದೂ ಇದನ್ನೇ. ರೈತನು ವಯಸ್ಸು ಕೇಳುತ್ತಾನೆ. ಇವರು, ಏನು ತಿಂದೆ, ಯಾವ ನೀರು ಕುಡಿದೆ ಎಂದು ಕೇಳುತ್ತಾರೆ.

ಏನು ತಿಂದೆ ಎಂಬ ಪ್ರಶ್ನೆಗೆ ಮೊದಲ ಉತ್ತರ ಹಲ್ಲಿನ ಎತ್ತರದಲ್ಲಿದೆ. ಹುಲ್ಲಿನ ಎಲೆಯೊಳಗೆ ಮರಳಿನ ಜಾತಿಯ ಸೂಕ್ಷ್ಮ ಕಣಗಳಿರುತ್ತವೆ; ಬಯಲಿನ ಹುಲ್ಲಿಗೆ ಧೂಳೂ ಅಂಟಿರುತ್ತದೆ. ಅದನ್ನು ಜೀವಮಾನವೆಲ್ಲ ಮೇಯುವ ದನ, ಕುದುರೆಗಳ ದವಡೆಹಲ್ಲು ಬೇಗ ಸವೆಯುವುದರಿಂದ, ಅವಕ್ಕೆ ಎತ್ತರದ ಹಲ್ಲು ಬಂದಿದೆ. ಕಾಡಿನ ಮೆತ್ತನೆಯ ಎಲೆ, ಚಿಗುರು, ಹಣ್ಣು ತಿನ್ನುವ ಪ್ರಾಣಿಗಳ ಹಲ್ಲು ಗಿಡ್ಡಗಿರುತ್ತದೆ. ಒಂದು ನೆಲದ ಪದರದಲ್ಲಿ ಎತ್ತರದ ಹಲ್ಲುಗಳೇ ಹೆಚ್ಚು ಸಿಕ್ಕರೆ ಅಲ್ಲಿ ಅಂದು ಒಣ ಬಯಲು ಇದ್ದಿರಬೇಕು. ಗಿಡ್ಡ ಹಲ್ಲುಗಳೇ ಹೆಚ್ಚಾದರೆ ಮಳೆ ಚೆನ್ನಾಗಿ ಆಗುವ ಕಾಡು ಇದ್ದಿರಬೇಕು. ಇದು ಸ್ಥೂಲ ಲೆಕ್ಕ. ಆದರೂ ಸ್ಥೂಲ ಲೆಕ್ಕವಿಲ್ಲದೆ ಸೂಕ್ಷ್ಮ ಲೆಕ್ಕ ಆರಂಭವಾಗುವುದಿಲ್ಲ.

ನಮ್ಮ ಸೀಮೆಯಲ್ಲಿ ಈ ಲೆಕ್ಕವನ್ನು ಆರಂಭಿಸಿದವರು ರಾಬರ್ಟ್ ಬ್ರೂಸ್ ಫೂಟ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಗೆ ೧೮೫೮ರಲ್ಲಿ ಸೇರಿದ ಈ ಆಂಗ್ಲ ವಿದ್ವಾಂಸರು ೧೮೬೩ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರದಲ್ಲಿ ಕಲ್ಲಿನ ಕೈಕೊಡಲಿಯನ್ನು ಗುರುತಿಸಿ, ಈ ದೇಶದಲ್ಲಿ ಆದಿಮಾನವನಿದ್ದನೆಂಬುದನ್ನು ಲೋಕಕ್ಕೆ ತೋರಿಸಿದರು. ಬಳಿಕ ಅವರು ನಮ್ಮ ಕಡೆಗೆ ಬಂದು ಮಲಪ್ರಭಾ, ಘಟಪ್ರಭಾ ಕಣಿವೆಗಳನ್ನು ಸುತ್ತಿದರು. ಗೋಕಾಕದ ಹತ್ತಿರ, ತಮ್ಮ ಬರಹದಲ್ಲಿ ಚಿಕ್‌ದೌಲಿ ಎಂದು ಅವರು ಕಾಣಿಸಿರುವ ಗ್ರಾಮದ ಬಳಿ, ಘೇಂಡಾಮೃಗದ ಅವಶೇಷಗಳು ದೊರೆತವು. ಅವುಗಳನ್ನು ೧೮೭೪ರಲ್ಲಿ ವರ್ಣಿಸಿ ಪ್ರಕಟಿಸಿದ ಫೂಟರು ಆ ಪ್ರಾಣಿಗೆ ರೈನೋಸೆರಸ್ ಡೆಕ್ಕನೆನ್ಸಿಸ್, ಅಂದರೆ ದಖ್ಖನದ ಘೇಂಡಾಮೃಗ, ಎಂದು ಹೆಸರಿಟ್ಟರು. ಈ ಸೀಮೆಯ ಭೂರಚನೆಯನ್ನು ಕುರಿತ ಅವರ ದೊಡ್ಡ ಗ್ರಂಥ ೧೮೭೬ರಲ್ಲಿ ಹೊರಬಂದಿತು. ಅದರ ಹೆಸರಿನಲ್ಲಿ ನಮ್ಮ ನಾಡು ‘ದಕ್ಷಿಣ ಮರಾಠಾ ಸೀಮೆ’ ಎಂದೇ ಇದೆ. ಅಂದಿನ ಮುಂಬಯಿ ಸರಕಾರದ ರೂಢಿ ಹಾಗಿತ್ತು; ಓದುವಾಗ ಕನ್ನಡಿಗರ ಮನಸ್ಸಿಗೆ ಚುರುಕ್ಕೆನ್ನುವುದನ್ನು ಮುಚ್ಚಿಡಲಾರೆವು. ಗ್ರಂಥ ಹೊರಬಂದ ವರ್ಷವೇ ಧಾರವಾಡ, ಬೆಳಗಾವಿ, ವಿಜಾಪುರಗಳನ್ನು ೧೮೭೬-೭೮ರ ಮಹಾಬರ ಬಂದು ಕವಿಯಿತು. ಘೇಂಡಾಮೃಗ ಮೇಯುತ್ತಿದ್ದ ನೆಲದಲ್ಲಿ ಮನುಷ್ಯರು ಹಿಡಿ ಕಾಳಿಗೆ ಅಲೆದರು.

ಇಂದು ಭಾರತದ ಘೇಂಡಾಮೃಗವನ್ನು ನೋಡಬೇಕಾದರೆ ಅಸ್ಸಾಮಿನ ಕಾಜಿರಂಗಕ್ಕೆ ಹೋಗಬೇಕು. ಅಲ್ಲಿ ಆಳೆತ್ತರದ ಹುಲ್ಲು, ಜವುಗು, ಬ್ರಹ್ಮಪುತ್ರೆಯ ನೆರೆ. ಗೋಕಾಕದ ಬಯಲೋ, ಸಹ್ಯಾದ್ರಿಯ ಮಳೆನೆರಳಿನ ಎರೆಭೂಮಿ. ಹಾಗಾದರೆ ಅಂದು ಗೋಕಾಕದಲ್ಲಿ ಅಸ್ಸಾಮಿನಂಥ ಮಳೆಯಿತ್ತೆಂದು ಹೇಳಿಬಿಡಬಹುದೆ?

ಇಲ್ಲಿ ನಮ್ಮ ತರ್ಕಶಾಸ್ತ್ರ ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ಮಠದ ಪಾಠಶಾಲೆಯಲ್ಲಿ ಅನುಮಾನಪ್ರಮಾಣದ ಮೊದಲ ಪಾಠ ಹೊಗೆ ಮತ್ತು ಬೆಂಕಿ. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ. ಈ ಬಿಡಲಾಗದ ಸಂಬಂಧಕ್ಕೆ ವ್ಯಾಪ್ತಿ ಎಂದು ಹೆಸರು. ಆದರೆ ಎಲ್ಲೆಲ್ಲಿ ಬೆಂಕಿಯೋ ಅಲ್ಲಲ್ಲಿ ಹೊಗೆ ಎಂದು ತಿರುಗಿಸಿ ಹೇಳಿದರೆ ಗುರುಗಳು ಕಿವಿ ಹಿಂಡುತ್ತಿದ್ದರು. ಕೆಂಡಕ್ಕೆ ಹೊಗೆಯಿಲ್ಲ. ಹಸಿ ಕಟ್ಟಿಗೆ ಸೇರಿದರೆ ಮಾತ್ರ ಹೊಗೆ. ಈ ಹಸಿ ಕಟ್ಟಿಗೆಗೆ ಉಪಾಧಿ ಎಂದು ಹೆಸರು. ಎಲ್ಲಿ ಘೇಂಡಾಮೃಗವೋ ಅಲ್ಲಿ ಭಾರಿ ಮಳೆ ಎಂಬ ವ್ಯಾಪ್ತಿಯಲ್ಲಿಯೂ ಒಂದು ಉಪಾಧಿ ಅಡಗಿದೆ. ಅದೇ ಹೊಳೆ. ಆಕಾಶದ ಮಳೆ ಕಡಿಮೆಯಾದರೂ, ಘಟ್ಟದಲ್ಲಿ ಹುಟ್ಟಿ ಬರುವ ಹೊಳೆಯ ಎರಡೂ ದಂಡೆಗೆ ದಟ್ಟ ಕಾಡು, ಜವುಗು ಇರಬಹುದು. ಘಟಪ್ರಭೆ ಅಂಥ ಹೊಳೆಯೇ. ಆ ಹಸಿರು ಪಟ್ಟಿಯಲ್ಲಿ ಮೃಗ ಬಾಳಿರಬಹುದು, ಎರಡು ಹರದಾರಿ ಆಚೆ ಕುರುಚಲು ಬಯಲೂ ಇದ್ದಿರಬಹುದು. ಆದುದರಿಂದ ಒಂದು ಮೃಗದ ಹಲ್ಲಿನಿಂದ ಒಂದು ನಾಡಿನ ಮಳೆಯನ್ನು ಸಾಧಿಸಲಾಗದು. ನೀರು, ನೆರಳು, ಮೇವು ಅಲ್ಲಿ ಅಂದು ಇಂದಿಗಿಂತ ಹೆಚ್ಚಿದ್ದವು ಎಂಬಷ್ಟನ್ನೇ ಒಪ್ಪಬಹುದು. ಪತ್ರಿಕೆಗಳಲ್ಲಿ ಕೆಲವೊಮ್ಮೆ ಒಂದು ಎಲುಬಿನ ತುಂಡನ್ನು ಹಿಡಿದು ಇಡೀ ಪ್ರಳಯವನ್ನೇ ಬರೆಯುವುದನ್ನು ಕಂಡಾಗ, ಇವರಿಗೂ ಯಾರಾದರೂ ಕಿವಿ ಹಿಂಡುವ ಗುರುಗಳಿರಬಾರದಿತ್ತೆ ಎನಿಸುತ್ತದೆ.

ಫೂಟರ ತರುವಾಯ ಹಲವರು ಈ ಕಣಿವೆಗಳಿಗೆ ಬಂದರು. ಪುಣೆಯ ಡೆಕ್ಕನ್ ಕಾಲೇಜಿನ ಆರ್. ವಿ. ಜೋಶಿಯವರು ಮಲಪ್ರಭೆಯ ದಂಡೆಯ ಜಲ್ಲಿ, ಹೂಳುಗಳ ಪದರಗಳನ್ನು ಅಭ್ಯಸಿಸಿ ಬರೆದ ಗ್ರಂಥವನ್ನು ೧೯೫೫ರಲ್ಲಿ ಡೆಕ್ಕನ್ ಕಾಲೇಜು ಮತ್ತು ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಒಟ್ಟಾಗಿ ಹೊರತಂದವು. ಆದರೆ ಹಲ್ಲಿನಿಂದಲೇ ಮೇವು ನೀರುಗಳನ್ನು ನೇರವಾಗಿ ಕೇಳಿ ತಿಳಿಯುವ ಸೂಕ್ಷ್ಮ ಲೆಕ್ಕ ಇನ್ನೂ ಕೆಲವು ದಶಕಗಳ ಮೇಲೆ ಕೈಗೂಡಿತು. ಅದನ್ನು ಮನೆಯ ಹೆಣ್ಣುಮಕ್ಕಳಿಗೂ ತಿಳಿಯುವಂತೆ ಹೇಳಲು ಪ್ರಯತ್ನಿಸುತ್ತೇವೆ; ಅವರ ಅಡಿಗೆಮನೆಯ ಕಾಳುಗಳೇ ಇದಕ್ಕೆ ಉದಾಹರಣೆ.

ಗಾಳಿಯಲ್ಲಿರುವ ಇಂಗಾಲದಲ್ಲಿ ಹಗುರವಾದುದು, ತುಸು ಭಾರವಾದುದು ಎಂದು ಎರಡು ಬಗೆ. ಭಾರವಾದುದು ನೂರಕ್ಕೆ ಒಂದರಷ್ಟು ಮಾತ್ರ. ಗಿಡಗಳು ಗಾಳಿಯನ್ನುಂಡು ಬೆಳೆಯುವಾಗ ಈ ಭಾರದ ಇಂಗಾಲವನ್ನು ಆದಷ್ಟು ದೂರವಿಡುತ್ತವೆ; ಆದರೆ ಎಲ್ಲ ಗಿಡಗಳೂ ಒಂದೇ ಪ್ರಮಾಣದಲ್ಲಿ ಅಲ್ಲ. ಬೇವು, ಬನ್ನಿ, ಜಾಲಿ ಮೊದಲಾದ ಮರಗಳು, ಭತ್ತ, ಗೋದಿ, ಹತ್ತಿ, ಶೇಂಗಾ, ತೊಗರಿ, ಕಡಲೆಗಳು ಒಂದು ಪಂಗಡ. ಇವು ಹೆಚ್ಚು ದೂರವಿಡುತ್ತವೆ. ಜೋಳ, ಸಜ್ಜೆ, ರಾಗಿ, ಗೋವಿನಜೋಳ, ಕಬ್ಬು ಮತ್ತು ನಮ್ಮ ಬಯಲಿನ ಕರಿಕೆಯಂಥ ಬಿಸಿಲುನಾಡಿನ ಹುಲ್ಲುಗಳು ಇನ್ನೊಂದು ಪಂಗಡ. ಇವು ಕಡಿಮೆ ದೂರವಿಡುತ್ತವೆ. ಎರಡೂ ಪಂಗಡಗಳ ನಡುವಿನ ಅಂತರ ಸಾವಿರಕ್ಕೆ ಸುಮಾರು ೧೪ರಷ್ಟು. ಕಣ್ಣಿಗೆ ಕಾಣದ ಈ ಅಂತರವನ್ನು ಯಂತ್ರವು ಸಂಶಯವಿಲ್ಲದಂತೆ ಅಳೆಯುತ್ತದೆ.

ತಿಂದ ಮೇವಿನ ಇಂಗಾಲ ರಕ್ತಕ್ಕೆ ಸೇರಿ, ಹಲ್ಲು ಬೆಳೆಯುವಾಗ ಎನಾಮಲಿನಲ್ಲಿ ಸೇರಿಕೊಂಡು ಅಲ್ಲಿಯೇ ನಿಲ್ಲುತ್ತದೆ. ಒಂದೇ ಹಿತ್ತಿಲಿನಲ್ಲಿ ಜೋಳದ ಕಣಿಕೆ ತಿಂದು ಬೆಳೆದ ಎಮ್ಮೆಯ ಹಲ್ಲನ್ನೂ ಜಾಲಿಯ ಸೊಪ್ಪು ತಿಂದು ಬೆಳೆದ ಆಡಿನ ಹಲ್ಲನ್ನೂ ಕೊಟ್ಟರೆ, ಯಾವುದು ಏನು ತಿಂದಿತ್ತೆಂದು ಪ್ರಯೋಗಶಾಲೆಯವರು ಪ್ರಾಣಿಯನ್ನು ನೋಡದೆಯೇ ಹೇಳಬಲ್ಲರು. ಸಾವಿರ ವರ್ಷವಾಗಲಿ, ಲಕ್ಷ ವರ್ಷವಾಗಲಿ, ಎನಾಮಲ್ ಕೆಡದೆ ಇದ್ದರೆ ಉತ್ತರ ಬದಲಾಗದು. ಎಲುಬಿಗೆ ಈ ಗುಣವಿಲ್ಲ; ಅದು ಮಣ್ಣಿನ ನೀರನ್ನು ಹೀರಿ ತನ್ನ ಹಳೆಯ ನೆನಪಿನೊಡನೆ ಹೊಸದನ್ನು ಬೆರೆಸಿಕೊಳ್ಳುತ್ತದೆ.

ಹಲ್ಲಿನ ಆಕಾರಕ್ಕೂ ಅದರೊಳಗಿನ ಇಂಗಾಲಕ್ಕೂ ಒಮ್ಮೊಮ್ಮೆ ಹೊಂದಿಕೆಯಾಗದಿರುವುದೂ ಉಂಟು. ಆನೆಯ ಎತ್ತರದ, ಪದರ ಪದರದ ದವಡೆಹಲ್ಲು ಹುಲ್ಲು ಅರೆಯಲು ತಕ್ಕುದು. ಆದರೆ ಇಂದಿನ ಆಫ್ರಿಕದ ಆನೆಗಳ ಹಲ್ಲನ್ನು ಅಳೆದು ನೋಡಿದಾಗ ಅವು ಹೆಚ್ಚಾಗಿ ಎಲೆ, ತೊಗಟೆಗಳನ್ನೇ ತಿನ್ನುತ್ತವೆಂದು ತಿಳಿಯಿತು. ಅವುಗಳ ಪೂರ್ವಜರು ಹುಲ್ಲು ಮೇಯುತ್ತಿದ್ದವು. ಹಲ್ಲಿನ ಆಕಾರ ವಂಶದಿಂದ ಬಂದ ಆಸ್ತಿ, ಒಳಗಿನ ಇಂಗಾಲ ಅದರದೇ ಊಟ. ಆಸ್ತಿ ನೋಡಿ ಊಟ ಹೇಳಬಾರದೆಂಬುದು ನಮ್ಮ ಮನೆತನಗಳಿಗೂ ಹೊಂದುವ ಮಾತೇ!

ಇನ್ನು ನೀರಿನ ಪ್ರಶ್ನೆ. ನೀರಿನಲ್ಲಿರುವ ಆಮ್ಲಜನಕದಲ್ಲಿಯೂ ಹಗುರ, ಭಾರ ಎಂಬ ಭೇದವಿದೆ. ನಮ್ಮ ಮುಂಗಾರಿನ ಧಾರಾಕಾರ ಮಳೆಯ ನೀರಿನಲ್ಲಿ ಭಾರದ ಪಾಲು ಕಡಿಮೆ. ಬೇಸಿಗೆಯಲ್ಲಿ ಕೆರೆ ಹೊಂಡಗಳು ಬತ್ತುವಾಗ ಹಗುರವಾದುದು ಮೊದಲು ಆವಿಯಾಗಿ ಹಾರಿ, ಭಾರವಾದುದು ಉಳಿಯುತ್ತದೆ. ದನ ಕುಡಿದ ನೀರಿನ ಈ ಗುರುತು ಹಲ್ಲಿಗೆ ಇಳಿಯುತ್ತದೆ. ಹಲ್ಲು ಒಮ್ಮೆಲೆ ಬೆಳೆಯುವುದಿಲ್ಲ. ತುದಿಯಿಂದ ಬೇರಿನ ಕಡೆಗೆ ಪದರ ಪದರವಾಗಿ ಕಟ್ಟಿಕೊಳ್ಳುತ್ತದೆ. ದನದ ಕೊನೆಯ ದವಡೆಹಲ್ಲು ಹೀಗೆ ಬೆಳೆಯಲು ಸುಮಾರು ಒಂದು ವರ್ಷ ಹಿಡಿಯುತ್ತದೆ. ವಿದ್ವಾಂಸರು ದಂತವೈದ್ಯರ ಬೈರಿಗೆಯಂಥ ಸಣ್ಣ ಉಪಕರಣದಿಂದ ತುದಿಯಿಂದ ಬುಡದವರೆಗೆ ಅಡ್ಡಗೆರೆಗಳಂತೆ ಒಂದೊಂದೇ ಚಿಟಿಕೆ ಪುಡಿ ತೆಗೆದು ಅಳೆಯುತ್ತಾರೆ. ಅಳತೆ ಏರಿ ಇಳಿದು ಮತ್ತೆ ಏರಿದರೆ, ಬೇಸಿಗೆ, ಮಳೆಗಾಲ, ಮತ್ತೆ ಬೇಸಿಗೆ. ಏರಿಳಿತ ದೊಡ್ಡದಿದ್ದರೆ ಮಳೆ ಬಿಸಿಲುಗಳ ಭೇದ ತೀವ್ರವಾಗಿತ್ತೆಂದೂ, ಸಣ್ಣದಿದ್ದರೆ ವರ್ಷವಿಡೀ ಸಮನಾದ ನೀರಿನ ಆಸರೆ ಇತ್ತೆಂದೂ ಊಹಿಸಬಹುದು. ಲಕ್ಷ ವರ್ಷದ ಹಿಂದಿನ ಒಂದು ಸಂವತ್ಸರದ ಪಂಚಾಂಗ ನಾಲ್ಕು ಬೆರಳಿನ ಹಲ್ಲಿನಲ್ಲಿ ಬರೆದಿದೆ! ಮೇಲೆ ಹೇಳಿದ ಹೊಳೆಯ ಉಪಾಧಿ ಇಲ್ಲಿಯೂ ಬಿಡದು. ಘಟ್ಟದ ನೀರು ಕುಡಿದ ದನದ ಹಲ್ಲು ಘಟ್ಟದ ಮಳೆಯನ್ನೇ ಹೇಳೀತು. ಆದುದರಿಂದಲೇ ಒಂದಲ್ಲ, ಹಲವು ಜಾತಿಯ ಹಲವು ಹಲ್ಲುಗಳನ್ನು ಕೇಳಬೇಕು.

ಹಾಗೆ ಕೇಳಿದಾಗ ಎಂಥ ದೊಡ್ಡ ಉತ್ತರ ದೊರೆಯುವುದೆಂಬುದಕ್ಕೆ ಹಿಮಾಲಯದ ತಪ್ಪಲಿನ ಶಿವಾಲಿಕ ಬೆಟ್ಟಗಳೇ ನಿದರ್ಶನ. ಅಲ್ಲಿಯ ಪ್ರಾಣಿಗಳಿಗೆ ವಿದೇಶೀಯರು ಇಟ್ಟ ಹೆಸರುಗಳಲ್ಲಿ ಶಿವನ ನಾಮ ಸೇರಿಕೊಂಡಿರುವುದು ನಮಗೆ ವಿನೋದವೂ ಸಂತೋಷವೂ ಆದ ವಿಷಯ: ಜಿರಾಫೆಯ ಬಳಗದ ಬೃಹತ್ ಪ್ರಾಣಿಗೆ ೧೮೩೬ರಲ್ಲಿ ಸಿವಥೇರಿಯಂ, ವಾನರವೊಂದಕ್ಕೆ ೧೯೧೦ರಲ್ಲಿ ಸಿವಪಿಥೆಕಸ್. ಆ ಬೆಟ್ಟಗಳ ಹಳೆಯ ಮಣ್ಣಿನ ಸುಣ್ಣದ ಗಂಟುಗಳೂ ಪ್ರಾಣಿಗಳ ಹಲ್ಲುಗಳೂ ಒಂದೇ ಮಾತನ್ನು ಹೇಳಿದವು. ಸುಮಾರು ೮೦ ಲಕ್ಷದಿಂದ ೬೦ ಲಕ್ಷ ವರ್ಷಗಳ ಹಿಂದಿನ ಅವಧಿಯಲ್ಲಿ ಅಲ್ಲಿಯ ಕಾಡು ಹಿಂದೆ ಸರಿದು, ಜೋಳದ ಪಂಗಡದ ಹುಲ್ಲುಗಾವಲು ಹರಡಿತು. ಎಲೆ ತಿನ್ನುತ್ತಿದ್ದ ಪ್ರಾಣಿಗಳು ವಿರಳವಾದವು, ಹುಲ್ಲು ಮೇಯುವವು ಹೆಚ್ಚಿದವು. ಹಣ್ಣು ತಿನ್ನುತ್ತಿದ್ದ ಸಿವಪಿಥೆಕಸ್ ಕಣ್ಮರೆಯಾಯಿತು.

ಆ ಲೆಕ್ಕದ ಮುಂದೆ ನಮ್ಮ ಕರ್ನಾಟಕದ ಕಥೆ ಎಳೆಯ ಕಾಲದ್ದು. ಆದರೂ ಮನುಷ್ಯನು ಅದರಲ್ಲಿ ಪಾಲುಗೊಂಡಿರುವುದರಿಂದ ನಮಗೆ ಹೆಚ್ಚು ಹತ್ತಿರದ್ದು. ಇಂದಿನ ಯಾದಗಿರಿ ಜಿಲ್ಲೆಯ ಹುಣಸಗಿ, ಬೈಚಬಾಳ ಕಣಿವೆಗಳನ್ನು ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ದಶಕಗಳ ಕಾಲ ಕಾಲ್ನಡೆಯಲ್ಲಿ ಸುತ್ತಿ ಆದಿಮಾನವನ ನೂರಾರು ನೆಲೆಗಳನ್ನು ಗುರುತಿಸಿದರು. ಅವರಿಗೆ ೨೦೧೨ರಲ್ಲಿ ಪದ್ಮಶ್ರೀ ಸಂದಿತು. ಸದಬ, ತೆಗ್ಗಿಹಳ್ಳಿಗಳಲ್ಲಿ ಕಲ್ಲಿನ ಆಯುಧಗಳ ಜೊತೆಗೆ ಆನೆಯ ಮತ್ತು ದನದ ಜಾತಿಯ ಹಲ್ಲುಗಳು ದೊರೆತವು. ಹಲ್ಲಿನಲ್ಲಿ ಸೇರಿಕೊಂಡ ಯುರೇನಿಯಂ ಕಾಲಕ್ರಮದಲ್ಲಿ ಥೋರಿಯಂ ಆಗಿ ಮಾರ್ಪಡುವ ಲೆಕ್ಕದಿಂದ ಅವು ಸುಮಾರು ೩ ಲಕ್ಷ ವರ್ಷಗಳ ಆಸುಪಾಸಿನವು ಮತ್ತು ಅದಕ್ಕೂ ಹಿಂದಿನವು ಎಂದು ತಿಳಿದುಬಂತು. ಅದೇ ಕಣಿವೆಯ ಇಸಾಂಪುರದಲ್ಲಿ ೧೯೯೭ರಿಂದ ೨೦೦೧ರವರೆಗೆ ಉತ್ಖನನ ನಡೆಯಿತು. ಸುಣ್ಣಕಲ್ಲಿನ ಹಾಸುಬಂಡೆಗಳನ್ನು ಒಡೆದು ಕೈಕೊಡಲಿ ಮಾಡುತ್ತಿದ್ದ ಕಾರ್ಖಾನೆಯೇ ಅಲ್ಲಿ ನೆಲದಡಿಯಲ್ಲಿತ್ತು. ಆ ಆಯುಧಗಳ ಕಾಲವನ್ನು ಹೇಳಿದ್ದು ಕಲ್ಲಲ್ಲ, ಜೊತೆಗೆ ಸಿಕ್ಕ ದನದ ಜಾತಿಯ ಎರಡು ಹಲ್ಲುಗಳು. ಮಣ್ಣಿನಲ್ಲಿ ಸಹಜವಾಗಿರುವ ವಿಕಿರಣ ಎನಾಮಲಿನೊಳಗೆ ವರ್ಷ ವರ್ಷವೂ ಸೂಕ್ಷ್ಮ ಗುರುತುಗಳನ್ನು ಕೂಡಿಡುತ್ತದೆ. ಅವುಗಳನ್ನು ಎಣಿಸಿ ಸುಮಾರು ೧೨ ಲಕ್ಷ ವರ್ಷವೆಂದು ೨೦೦೨ರಲ್ಲಿ ಪ್ರಕಟಿಸಿದರು.

ಇಂದು ಆ ಸೀಮೆಯಲ್ಲಿ ಆನೆ ಎಲ್ಲಿದೆ? ಜಾತ್ರೆಗೆ ಬಾಡಿಗೆಯ ಆನೆ ಬಂದರೆ ಊರ ಮಕ್ಕಳೆಲ್ಲ ಬೀದಿಗೆ ಬರುತ್ತಾರೆ. ದಿನಕ್ಕೆ ಮಣಗಟ್ಟಲೆ ಮೇವು, ಕೊಡಗಟ್ಟಲೆ ನೀರು ಬೇಕಾದ ಪ್ರಾಣಿ ಅಲ್ಲಿ ಬಾಳಿತ್ತೆಂದರೆ ಬೆಟ್ಟದ ಬುಡದ ಬುಗ್ಗೆಗಳೂ ಹಳ್ಳಗಳೂ ವರ್ಷವಿಡೀ ಅದನ್ನು ಸಾಕುವಷ್ಟು ಸಮೃದ್ಧವಾಗಿದ್ದವು ಎಂದಾಯಿತು. ಕಣಿವೆಯಲ್ಲಿ ಬುಗ್ಗೆಗಳು ಇಂದಿಗೂ ಇವೆ. ಆನೆಯೂ ದನವೂ ಒಂದೆಡೆ ಇದ್ದವೆಂದರೆ ಕಾಡು ಮತ್ತು ಹುಲ್ಲು ಎರಡೂ ಬೆರೆತ ನೆಲ ಅದು. ಬರಿಯ ಮಲೆನಾಡೂ ಅಲ್ಲ, ಬರಿಯ ಬಯಲುಸೀಮೆಯೂ ಅಲ್ಲ. ನಮ್ಮ ಧಾರವಾಡದ ಪಶ್ಚಿಮದ ಸೆರಗನ್ನು ನೆನೆದರೆ ಸಾಕು.

ನೆರೆಯ ಆಂಧ್ರದ ಕರ್ನೂಲು ಸೀಮೆಯ ಬಿಲ್ಲಸುರ್ಗಂ ಗುಹೆಗಳ ಸಾಕ್ಷ್ಯ ಇನ್ನೂ ವಿಚಾರಾರ್ಹವಾಗಿದೆ. ಅಲ್ಲಿಯೂ ಫೂಟರು ಮತ್ತು ಅವರ ಮಗ ೧೮೮೦ರ ದಶಕದಲ್ಲಿ ಅಗೆಸಿದ್ದರು. ನಮ್ಮ ಕಾಲದ ವಿದ್ವಾಂಸರು ಮತ್ತೆ ಅಗೆದು, ಕಳೆದ ಸುಮಾರು ೨ ಲಕ್ಷ ವರ್ಷಗಳ ಪದರಗಳ ಎಲುಬು ಹಲ್ಲುಗಳನ್ನು ವಿಂಗಡಿಸಿ ೨೦೧೪ರಲ್ಲಿ ಪ್ರಕಟಿಸಿದರು. ಗುರುತಿಸಿದ ೨೧ ಬಗೆಯ ಸಸ್ತನಿಗಳಲ್ಲಿ ಒಂದನ್ನು ಬಿಟ್ಟು ಉಳಿದ ೨೦ ಬಗೆಗಳು ಈ ಉಪಖಂಡದಲ್ಲಿ ಎಲ್ಲಿಯಾದರೂ ಬದುಕಿ ಉಳಿದವು. ಆ ಅವಧಿಯಲ್ಲಿ ಲೋಕಕ್ಕೆ ಹಿಮಯುಗ ಬಂದುಹೋಯಿತು, ಮುಂಗಾರು ಸೊರಗಿತು, ಮತ್ತೆ ಬಲಿಯಿತು. ಪ್ರಾಣಿಗಳು ಒಣ ಕಾಲದಲ್ಲಿ ಹೊಳೆಯ ದಂಡೆಗೆ, ಕಾಡಿನ ಮಡಿಲಿಗೆ ಸರಿದವು. ಮಳೆ ಮರಳಿದಾಗ ತಾವೂ ಮರಳಿದವು. ಸರಿಯಲು ಅವಕ್ಕೆ ಜಾಗವಿತ್ತು. ನಮ್ಮ ಸೀಮೆಯಲ್ಲಿ ಈಗ ಆ ಜಾಗದಲ್ಲಿ ಹೊಲ, ಕಾಲುವೆ, ರಸ್ತೆ, ಊರುಗಳಿವೆ. ಎರಡು ಲಕ್ಷ ವರ್ಷಗಳ ಹವೆಯ ಏರುಪೇರು ಮಾಡಲಾರದ್ದನ್ನು ನಾವು ಕೆಲವೇ ತಲೆಮಾರುಗಳಲ್ಲಿ ಮಾಡಿದ್ದೇವೆ ಎಂಬ ತೀರ್ಮಾನವನ್ನು ತಪ್ಪಿಸಿಕೊಳ್ಳುವ ದಾರಿ ನಮಗಂತೂ ಕಾಣಲಿಲ್ಲ. ೨೦೧೯ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಮನೆಗಳೊಳಗೆ ನಿಂತಳು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ, ೨೦೨೩ರಲ್ಲಿ, ರಾಜ್ಯದ ೨೩೬ ತಾಲ್ಲೂಕುಗಳ ಪೈಕಿ ೨೨೩ನ್ನು ಬರಪೀಡಿತವೆಂದು ಸಾರಬೇಕಾಯಿತು. ಹಿಂದೆ ಮುಂಗಾರು ಎಷ್ಟು ಹಿಗ್ಗುತ್ತಿತ್ತು, ಎಷ್ಟು ಕುಗ್ಗುತ್ತಿತ್ತು ಎಂಬುದನ್ನು ತಿಳಿಯುವುದು ಈಗ ಬರಿಯ ಕುತೂಹಲದ ಮಾತಾಗಿ ಉಳಿದಿಲ್ಲ. ಮಳೆಯನ್ನು ಅಳೆದು ಬರೆದಿಟ್ಟ ದಪ್ತರಗಳು ನೂರೈವತ್ತು ಇನ್ನೂರು ವರ್ಷಕ್ಕಿಂತ ಹಿಂದಕ್ಕೆ ಹೋಗುವುದಿಲ್ಲ. ಅದರಾಚೆಗೆ ಕಲ್ಲು, ಮಣ್ಣು, ಹಲ್ಲುಗಳನ್ನೇ ಕೇಳಬೇಕು.

ಈಗ ನಮ್ಮ ಹಳೆಯ ಕಾರಣವನ್ನು ಹೇಳುತ್ತೇವೆ. ನಲವತ್ತು ವರ್ಷಗಳಿಗೂ ಹಿಂದಿನ ಮಾತು. ನಾವು ಮಠದ ಪಾಠಶಾಲೆಯಲ್ಲಿ ಓದು ಮುಗಿಸಿ ಅಲ್ಲಿಯೇ ಕಿರಿಯ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದೆವು. ಹಳ್ಳದ ದಂಡೆ ಕುಸಿದಾಗ ಸಿಕ್ಕಿತೆಂದು ರೈತನೊಬ್ಬ ಇಂಥದೇ ಒಂದು ಹಲ್ಲನ್ನು ತಂದು ತೋರಿಸಿದ. ಇದಕ್ಕಿಂತ ದೊಡ್ಡದು, ಪದರ ಪದರವಾಗಿ, ಮಡಿಚಿಟ್ಟ ಸೀರೆಯ ಅಂಚಿನಂತೆ ಇತ್ತೆಂದು ಈಗಲೂ ಕಣ್ಣಿಗೆ ಕಟ್ಟಿದೆ. “ಯಾವುದೋ ವಿಚಿತ್ರವಾದ ಕಲ್ಲು” ಎಂದು ಹೇಳಿ, ಹೂದೋಟದ ಅಂಚಿಗೆ ಕಲ್ಲುಗಳನ್ನು ಹುಗಿಯುತ್ತಿದ್ದ ಆಳಿನ ಕೈಗೆ ಕೊಟ್ಟೆವು. ಅವನ ಊರು ಯಾವುದು, ಹಳ್ಳ 어ಯಾವುದು ಎಂದು ಕೇಳಲಿಲ್ಲ. ಮುಂದೆ ಹೊಸ ಪ್ರಸಾದ ನಿಲಯ ಕಟ್ಟುವಾಗ ತೋಟ ಹೋಯಿತು, ಅಂಚಿನ ಕಲ್ಲುಗಳು ಬುನಾದಿಗೆ ಹೋದವು. ಹುಣಸಗಿಯ ಆನೆಯ ಹಲ್ಲುಗಳ ವಿಷಯ ಓದಿದ ದಿನ ಆ ಮಡಿಕೆಗಳು ನೆನಪಿಗೆ ಬಂದು ನಾವು ಬಹಳ ಹೊತ್ತು ಪುಸ್ತಕ ಮುಚ್ಚಿಟ್ಟು ಕುಳಿತೆವು. ಹೊಗೆಯಿಂದ ಬೆಂಕಿಯನ್ನು ಸಾಧಿಸುವ ಪಾಠವನ್ನು ಅಂದು ಬೆಳಿಗ್ಗೆಯಷ್ಟೇ ಮಕ್ಕಳಿಗೆ ಹೇಳಿದ್ದೆವೋ ಏನೋ! ಮಧ್ಯಾಹ್ನ ಕೈಗೆ ಬಂದ ಹೇತುವನ್ನು ಕಲ್ಲೆಂದು ಬಿಸಾಡಿದೆವು.

ಹಲ್ಲು ಕಳೆದದ್ದಕ್ಕಿಂತ ಹೆಚ್ಚಿನ ನಷ್ಟ, ಅದು ಸಿಕ್ಕ ಜಾಗ ಕಳೆದದ್ದು. ಯಾವ ಹಳ್ಳ, ಎಷ್ಟು ಆಳ, ಎರೆಮಣ್ಣಿನ ಮೇಲೋ ಕೆಳಗೋ, ಜಲ್ಲಿಯಲ್ಲೋ ಜೇಡಿಯಲ್ಲೋ, ಸುತ್ತ ಬೇರೆ ಏನಿತ್ತು ಎಂಬುದು ತಿಳಿಯದಿದ್ದರೆ ಹಲ್ಲು ಮೂಗನ ಸಾಕ್ಷಿಯಾಗುತ್ತದೆ. ಜೆಸಿಬಿ ಯಂತ್ರಗಳು ಒಂದು ಮಧ್ಯಾಹ್ನದಲ್ಲಿ ಒಂದು ದಂಡೆಯನ್ನೇ ಎತ್ತಿ ಟ್ರ್ಯಾಕ್ಟರಿಗೆ ತುಂಬುವ ಈ ದಿನಗಳಲ್ಲಿ, ಉಸುಕಿನ ಜೊತೆಗೆ ಏನೇನು ಹೋಗುತ್ತಿದೆಯೋ! ಹೊಲ, ಹಳ್ಳ, ಬಾವಿಗಳಲ್ಲಿ ಇಂಥದು ಕಂಡರೆ ತೊಳೆದು ತಿಕ್ಕಬೇಡಿರಿ, ಎಣ್ಣೆ ಅರಿಷಿಣ ಹಚ್ಚಬೇಡಿರಿ, ಒಡೆದು ನೋಡಬೇಡಿರಿ. ಸಾಧ್ಯವಾದರೆ ಇದ್ದಲ್ಲಿಯೇ ಬಿಟ್ಟು, ಈಗ ಎಲ್ಲರ ಕೈಯಲ್ಲಿರುವ ಮೊಬೈಲಿನಲ್ಲಿ ಜಾಗದ ಚಿತ್ರ ತೆಗೆದು, ವಿಶ್ವವಿದ್ಯಾಲಯದ ಪುರಾತತ್ತ್ವ ಇಲ್ಲವೆ ಭೂವಿಜ್ಞಾನ ವಿಭಾಗದವರಿಗೆ ತಿಳಿಸಿರಿ. ಎಲುಬಿನ ಜಾತಿಯದು ಮನೆಯಲ್ಲಿ ಅಶುಭವೆನ್ನುವ ತಾಯಂದಿರಿಗೆ, ಅದು ಎಂದೋ ಕಲ್ಲಾಗಿದೆ, ಯಾವ ದೋಷವೂ ಇಲ್ಲವೆಂದು ನಾವು ಧೈರ್ಯ ಹೇಳುತ್ತೇವೆ.

ಬಂದ ಹಿರಿಯರಿಗೂ ಇದನ್ನೇ ಹೇಳಿ, “ಎಲ್ಲಿ ಸಿಕ್ಕಿತು, ನೆನಪು ಮಾಡಿಕೊಂಡು ಹೇಳಿರಿ” ಎಂದೆವು. ಅವರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕುಳಿತರು.

“ನಮ್ಮ ಹೊಲದ ಬದಿಗೆ ಹಳ್ಳ ಎರಡನೇ ಸಲ ಹೊಳ್ಳತೈತ್ರಿ. ಅಲ್ಲೊಂದು ಬನ್ನಿ ಗಿಡ. ಅದರ ಬೇರಿನ ಕೆಳಗ, ಎರಿ ಮಣ್ಣು ಮುಗದು ಹಳದಿ ಮಣ್ಣು ಶುರು ಆಗತೈತಿ ನೋಡ್ರಿ, ಅಲ್ಲಿ. ದಂಡಿ ಮ್ಯಾಲಿಂದ ಎರಡಾಳು ಆಳ ಇದ್ದೀತು. ಇನ್ನೊಂದು ತುಣುಕು ಅಲ್ಲೇ ಮಣ್ಣಾಗ ಕುಂತೈತಿ, ಕಿತ್ತಿಲ್ಲ.”

ಮೊಮ್ಮಗ ನಮ್ಮ ಮೇಜಿನ ಮೇಲಿದ್ದ ಕಾಗದ ತೆಗೆದುಕೊಂಡು ಅಜ್ಜನ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಂಡ. ಹಳ್ಳದ ತಿರುವು, ಬನ್ನಿಯ ಗಿಡಗಳ ನಕ್ಷೆಯನ್ನೂ ಕೆಳಗೆ ಬರೆದ. ಆ ಚೀಟಿಯನ್ನು ಹಲ್ಲಿನ ಜೊತೆಗೇ ವಲ್ಲಿಯಲ್ಲಿ ಕಟ್ಟಿದೆವು. ಆ ತುಣುಕನ್ನು ಹಿಂಗಾರಿ ಮಳೆಗೆ ದಂಡೆ ಕುಸಿಯುವ ಮೊದಲೇ ಬಲ್ಲವರಿಗೆ ತೋರಿಸಬೇಕೆಂದು ಹೇಳಿ, ಕಳಿಸುವಾಗ ವಿಭಾಗದ ದಾರಿಯನ್ನು ಹುಡುಗನಿಗೆ ಗುರುತು ಹೇಳಿಕೊಟ್ಟೆವು. ಅಜ್ಜ ಮೊಮ್ಮಕ್ಕಳು ಮಧ್ಯಾಹ್ನದ ಬಸ್ಸು ತಪ್ಪಿದರೂ ಚಿಂತೆಯಿಲ್ಲವೆಂದು ನೇರವಾಗಿ ಅತ್ತಲೇ ನಡೆದರು.